ಬೆಡಗಿಲ್ಲದ ಗಿಟಾರುಗಳು

ಹಳೆಯ ವಿದ್ಯುತ್ ಗಿಟಾರುಗಳ ಪೇಟೆಯಲ್ಲಿ ಯಾವ ವಾದ್ಯಕ್ಕೆ ಎಷ್ಟು ಮನ್ನಣೆ ಎಂಬುದನ್ನು ಅದರ ನಾದಕ್ಕಿಂತ ಹೆಚ್ಚಾಗಿ ಅದರ ದುರ್ಲಭತೆಯೂ, ಅದನ್ನು ಹೆಗಲಿಗೆ ಹಾಕಿಕೊಂಡಿದ್ದವರ ಕೀರ್ತಿಯೂ, ಮೈಮೇಲಣ ಮರದ ಗೆರೆಗಳ ಬೆಡಗೂ ನಿರ್ಣಯಿಸುತ್ತ ಬಂದಿವೆ. ಅಮೆರಿಕದ ಮಿಷಿಗನ್ ಪ್ರಾಂತದ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ 1958ರಿಂದ 1960ರವರೆಗೆ ತಯಾರಾದ ‘ಲೆಸ್ ಪಾಲ್ ಸ್ಟ್ಯಾಂಡರ್ಡ್’ ಎಂಬ ಗಿಟಾರು, ಉಬ್ಬಾಗಿ ಕೆತ್ತಿದ ಮೇಪಲ್ ಮರದ ಮೇಲ್ಮೈಯೂ, ಅಂಚಿನ ಕೆಂಪಿನಿಂದ ನಡುವಣ ಹೊಂಬಣ್ಣಕ್ಕೆ ತಿರುಗುವ ಮೆರುಗೂ ಉಳ್ಳದ್ದು, ಇಂದು ಲಕ್ಷಗಟ್ಟಲೆ ಡಾಲರಿಗೆ ಮಾರಾಟವಾಗುತ್ತಿದೆ. ಅದೇ ಕಾರ್ಖಾನೆಯಲ್ಲಿ, ಅದೇ ವರ್ಷಗಳಲ್ಲಿ, ಅದೇ ಜಾತಿಯ ಮಹಾಗನಿ ಮರದಿಂದ ಹುಟ್ಟಿದ ಇನ್ನೊಂದು ಗಿಟಾರು ಉಂಟು. ಅದಕ್ಕೆ ಕೆತ್ತನೆಯಿಲ್ಲ, ಅಂಚುಪಟ್ಟಿಯಿಲ್ಲ, ಮೇಪಲ್ ಹೊದಿಕೆಯಿಲ್ಲ. ತಂತಿಯ ಕಂಪನವನ್ನು ಗ್ರಹಿಸುವ ಪಿಕಪ್ ಒಂದೇ, ತಿರುಗಿಸುವ ಗುಂಡಿ ಎರಡೇ. ‘ಲೆಸ್ ಪಾಲ್ ಜೂನಿಯರ್’ ಎಂಬ ಹೆಸರಿನ ಈ ವಾದ್ಯವನ್ನು ಕಲಿಯುವ ಹುಡುಗರ ಗಿಟಾರೆಂದು ಜನ ಬಹುಕಾಲ ಕಡೆಗಣಿಸಿದರು. ಇಂಥ ವಾದ್ಯಗಳು ಅಗ್ಗವಾಗಿದ್ದರೂ ಚೆನ್ನಾಗಿವೆಯೆಂದು ಉದಾರವಾಗಿ ಒಪ್ಪುವವರು ಈಗ ಅನೇಕರಿದ್ದಾರೆ. ಅಗ್ಗವಾಗಿಸಲೇಬೇಕೆಂಬ ಹಟದಿಂದಲೇ ಅವಕ್ಕೆ ಆ ಗುಣ ಬಂದಿತೆಂಬುದು ನನ್ನ ವಾದ.

ವೀಣೆ ತಂಬೂರಿಗಳ ನಡುವೆ ಬೆಳೆದ ಕಿವಿಗೆ ಕೊಡವಿಲ್ಲದ ತಂತಿವಾದ್ಯವು ವಿಪರೀತವಾಗಿ ತೋರುವುದು ಸಹಜ. ವೀಣೆಯಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಕೊಡದ ಹಲಗೆಗೆ ಇಳಿದು, ಒಳಗಣ ಗಾಳಿಯನ್ನು ಅಲುಗಿಸಿ, ಅಲ್ಲಿಂದ ನಮ್ಮನ್ನು ತಲಪುವುದಾದುದರಿಂದ, ಮರದ ಆಯ್ಕೆಯೂ ಕೊಡದ ಗಾತ್ರವೂ ಕೆತ್ತನೆಯ ನಯವೂ ಅಲ್ಲಿ ನಾದದ ಪ್ರಾಣವೇ ಆಗಿವೆ. ವಿದ್ಯುತ್ ಗಿಟಾರಿನ ದಾರಿ ಬೇರೆ. ಅದರ ಉಕ್ಕಿನ ತಂತಿಗಳ ಕೆಳಗೆ ಒಂದು ಅಯಸ್ಕಾಂತವನ್ನೂ, ಅದರ ಸುತ್ತ ಅತಿ ಸಪುರವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳನ್ನೂ ಇಟ್ಟಿರುವರು. ಮೇಲಿನ ತಂತಿ ನಡುಗಿದೊಡನೆ ಅಯಸ್ಕಾಂತದ ಕ್ಷೇತ್ರವೂ ಏರಿಳಿದು, ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ನಿಯಮದಂತೆ ಆ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದು. ಅದನ್ನು ಆಂಪ್ಲಿಫೈಯರು ಹೆಚ್ಚಿಸಿ ಸ್ಪೀಕರಿಗೆ ಒಪ್ಪಿಸುವುದು. ಹೀಗೆ ಕೊಡದ ಕೆಲಸವೆಲ್ಲ ಪಿಕಪ್ಪಿನ ಪಾಲಿಗೂ ಆಂಪ್ಲಿಫೈಯರಿನ ಪಾಲಿಗೂ ಹೋದ ಬಳಿಕ ಮರಕ್ಕೆ ಉಳಿದ ಮುಖ್ಯ ಹೊಣೆಯೆಂದರೆ ತಂತಿಗಳನ್ನು ಅಲುಗದಂತೆ ಬಿಗಿಹಿಡಿದಿರುವುದು. ಜಾರ್ಜ್ ಬೋಷಾಂ, ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು 1930ರ ದಶಕದ ಆರಂಭದಲ್ಲಿಯೇ ಎರಕದ ಅಲ್ಯೂಮಿನಿಯಮ್ಮಿನಲ್ಲಿ ಗಿಟಾರು ಮಾಡಿ ಇದನ್ನು ಪ್ರತ್ಯಕ್ಷಪಡಿಸಿದ್ದರು. ನಮ್ಮ ಕಡೆಯ ನಿದರ್ಶನ ಬೇಕೆಂದರೆ ಮ್ಯಾಂಡೊಲಿನ್ ಶ್ರೀನಿವಾಸರನ್ನು ನೆನೆಯಬಹುದು: ಗಮಕಗಳನ್ನು ಹೊರಡಿಸಲಾರದೆಂದು ಬಲ್ಲವರು ತಳ್ಳಿಹಾಕಿದ್ದ ಆ ಚಿಕ್ಕ ವಾದ್ಯದಲ್ಲಿ, ಪಿಕಪ್ಪಿನ ನೆರವಿನಿಂದ ಸ್ವರಕ್ಕೆ ದೀರ್ಘಾಯುಸ್ಸನ್ನು ತಂದುಕೊಂಡು, ಅವರು ಕರ್ಣಾಟಕ ಸಂಗೀತದ ರಾಗಾಲಾಪನೆಯನ್ನು ಹೇಗೆ ವಿಸ್ತರಿಸಿದರೆಂಬುದು ಕೇಳಿದವರಿಗೆಲ್ಲ ತಿಳಿದುದೇ ಆಗಿದೆ.

ಮರದ ಹೊಣೆ ಇಷ್ಟು ಹಗುರವಾದ ಮೇಲೆ ಕೆತ್ತನೆ ಏಕೆ, ಹೊದಿಕೆ ಏಕೆ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಾಗಿತ್ತು. ಅದನ್ನು ಕೇಳಿದವರು ಕಲಾವಿದರಲ್ಲ, ಲೆಕ್ಕಪತ್ರ ನೋಡುವವರು. 1952ರಲ್ಲಿ ಚಿನ್ನದ ಬಣ್ಣದಲ್ಲಿ ಹೊರಬಂದ ಮೊದಲನೆಯ ಲೆಸ್ ಪಾಲ್ ಗಿಟಾರಿನ ಬೆಲೆ ಇನ್ನೂರು ಡಾಲರನ್ನು ಮೀರಿತ್ತು. ಹೈಸ್ಕೂಲಿನ ಹುಡುಗನ ತಂದೆ ಅಷ್ಟನ್ನು ಕೊಡಲಾರನೆಂಬುದನ್ನು ಕಂಡ ಗಿಬ್ಸನ್ ಕಂಪನಿ 1954ರಲ್ಲಿ 99 ಡಾಲರು 50 ಸೆಂಟಿಗೆ ಜೂನಿಯರನ್ನು ಮಾರುಕಟ್ಟೆಗೆ ತಂದಿತು. ಒಂದೂಮುಕ್ಕಾಲು ಅಂಗುಲ ದಪ್ಪದ ಮಹಾಗನಿ ಹಲಗೆಯನ್ನು ಆಕಾರಕ್ಕೆ ಕತ್ತರಿಸಿದರು. ದಂಡಿಯನ್ನು ಅದಕ್ಕೆ ಅಂಟಿಸಿದರು. ಮೆಟ್ಟಿಲುಗಳ ನಡುವೆ ಮುತ್ತಿನ ಚಿಪ್ಪಿನ ಚಿತ್ತಾರವಿರಬೇಕಾದ ಕಡೆ ಬರಿಯ ಚುಕ್ಕೆಗಳನ್ನಿಟ್ಟರು. ತಂತಿಗಳನ್ನು ಹೊರುವ ಕುದುರೆ ಒಂದು, ಅವುಗಳ ತುದಿಯನ್ನು ಹಿಡಿಯುವ ಕೊಂಡಿ ಮತ್ತೊಂದು ಎಂಬ ಎರಡನ್ನೂ ಸೇರಿಸಿ ಒಂದೇ ಲೋಹದ ದಿಂಡಾಗಿಸಿದರು: ತಂತಿ ಅದರ ಮುಂಬದಿಯಿಂದ ತೂರಿ, ಹಿಂದೆ ಹೊರಟು, ಮೇಲಿನಿಂದ ಬಳಸಿಕೊಂಡು ಮತ್ತೆ ಮುಂದಕ್ಕೆ ಬರುವುದು. ಇದರಿಂದ ಒಂದು ದೋಷವೂ ಬಂದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಬಿಡಿಬಿಡಿಯಾಗಿ ಪ್ರತಿಯೊಂದು ತಂತಿಯ ಉದ್ದವನ್ನು ಸರಿಪಡಿಸಲು ಆ ದಿಂಡಿನಲ್ಲಿ ಅವಕಾಶವಿಲ್ಲವಾಗಿ, ದಂಡಿಯ ಕೆಳಭಾಗದ ಮೆಟ್ಟಿಲುಗಳಲ್ಲಿ ಒಂದೆರಡು ತಂತಿಗಳು ಶ್ರುತಿಯಿಂದ ಕೂದಲೆಳೆಯಷ್ಟು ಜಾರುವುದುಂಟು. ಸೂಕ್ಷ್ಮ ಕಿವಿಯವರಿಗೆ ಇದು ಮೊದಲ ದಿನವೇ ತಿಳಿದುಹೋಗುತ್ತದೆ.

ಈ ಗಿಟಾರಿನ ಏಕಮಾತ್ರ ಸಂಪತ್ತು ಅದರ ಪಿಕಪ್. ‘ಪಿ-90’ ಎಂದು ಕರೆಯಿಸಿಕೊಳ್ಳುವ ಇದರ ಕಪ್ಪು ಮುಚ್ಚಳಕ್ಕೆ ಎರಡು ಬದಿಯಲ್ಲಿಯೂ ಮೂಲೆಯಾಕಾರದ ಕಿವಿಗಳಿದ್ದು, ಒಂದೊಂದು ಕಿವಿಗೆ ಒಂದೊಂದು ತಿರುಪಿನಂತೆ ಅದನ್ನು ಮರಕ್ಕೆ ಕೂರಿಸಿರುವುದರಿಂದ ವಾದಕರು ಇದನ್ನು ‘ನಾಯಿಕಿವಿ’ ಎಂದು ಹಾಸ್ಯವಾಗಿ ಹೇಳುವರು. ಮುಚ್ಚಳ ತೆಗೆದು ನೋಡಿದರೆ ಸುಮಾರು ಹತ್ತು ಸಾವಿರ ಸುತ್ತಿನ ಅಗಲವಾದ ಚಪ್ಪಟೆ ಸುರುಳಿ, ಅದರ ನಡುವೆ ಒಂದೊಂದು ತಂತಿಗೆ ಒಂದೊಂದರಂತೆ ಆರು ತಿರುಪುಮೊಳೆ, ಕೆಳಗೆ ಎರಡು ಪಟ್ಟಿ ಅಯಸ್ಕಾಂತ, ಇಷ್ಟೇ. ಸುತ್ತುಗಳು ಹೆಚ್ಚಾಗಿರುವುದರಿಂದ ಇದರ ಧ್ವನಿ ದಪ್ಪ. ಸುರುಳಿ ಒಂದೇ ಆಗಿರುವುದರಿಂದ ಆ ದಪ್ಪದಲ್ಲಿಯೂ ಒಂದು ಹರಿತ. ಮನೆಯ ವಿದ್ಯುತ್ತಿನ ಗುಂಯ್ ಎಂಬ ಸದ್ದನ್ನೂ ಇದು ಭಕ್ತಿಯಿಂದ ಹಿಡಿದು ಸ್ಪೀಕರಿಗೆ ಮುಟ್ಟಿಸುವುದು. ಆ ಸದ್ದನ್ನು ನಿವಾರಿಸಲೆಂದು ಸೆತ್ ಲವರ್ ಎಂಬ ತಂತ್ರಜ್ಞ ಎರಡು ಸುರುಳಿಗಳ ‘ಹಂಬಕರ್’ ಪಿಕಪ್ಪನ್ನು ರೂಪಿಸಿದ ಮೇಲೆ, 1957ರಿಂದ ಗಿಬ್ಸನ್ನಿನ ದುಬಾರಿ ಗಿಟಾರುಗಳಿಗೆಲ್ಲ ಅದೇ ಸೇರಿತು. ಬಡವನಾದ ಜೂನಿಯರಿಗೆ ಹಳೆಯದೇ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತೆಂದು ನಾನು ತಿಳಿಯುತ್ತೇನೆ, ಏಕೆಂದರೆ ಎರಡು ಸುರುಳಿಗಳು ಗುಂಯ್ ಸದ್ದನ್ನು ಕಳೆಯುವಾಗ ಅದರೊಡನೆ ತಂತಿಯ ತಾರಸ್ಥಾಯಿಯ ಮಿಂಚನ್ನೂ ಸ್ವಲ್ಪ ಕಳೆದುಬಿಡುವುವು.

ಒಂದು ಪಿಕಪ್, ಎರಡು ಗುಂಡಿ ಮಾತ್ರವಿರುವಲ್ಲಿ ನುಡಿಸುವವನು ಏನು ಮಾಡಬೇಕು? ದುಬಾರಿ ಗಿಟಾರಿನವನು ಸ್ವಿಚ್ಚನ್ನು ಒತ್ತಿ ಬೇರೆ ಪಿಕಪ್ಪಿಗೆ ಹೋಗಬಲ್ಲ. ಜೂನಿಯರಿನವನಿಗೆ ಅಂಥ ಸೌಕರ್ಯವಿಲ್ಲದುದರಿಂದ ಅವನು ತನ್ನ ಕೈಯನ್ನೇ ನೆಚ್ಚಬೇಕು. ಬಲಗೈಯನ್ನು ಕುದುರೆಯ ಹತ್ತಿರ ಇಟ್ಟು ಮೀಟಿದರೆ ನಾದ ಬಿರುಸು, ದಂಡಿಯ ಕಡೆಗೆ ಸರಿಸಿದರೆ ಮೃದು. ಇದು ನಮ್ಮ ವೈಣಿಕರು ತಲೆಮಾರುಗಳಿಂದ ಬಲ್ಲ ವಿಷಯವೇ. ಇನ್ನು ಧ್ವನಿಯ ಗುಂಡಿ. ಹಳೆಯ ವಾಲ್ವಿನ ಆಂಪ್ಲಿಫೈಯರೊಂದನ್ನು ಅದು ಗರಗರವೆನ್ನುವಷ್ಟು ಏರಿಸಿಟ್ಟು, ಗಿಟಾರಿನ ಗುಂಡಿಯನ್ನು ಹತ್ತರಲ್ಲಿ ನಿಲ್ಲಿಸಿ ಮೀಟಿದರೆ ವಾಲ್ವು ತನ್ನ ಶಕ್ತಿಯನ್ನು ಮೀರಿದ ಒತ್ತಡಕ್ಕೆ ಸಿಕ್ಕಿ ನಾದದ ಅಲೆಯ ತಲೆಯನ್ನು ಕತ್ತರಿಸುವುದು. ಆ ಕತ್ತರಿಕೆಯೇ ರಾಕ್ ಸಂಗೀತದ ಪ್ರಸಿದ್ಧವಾದ ಒರಟು ಗರ್ಜನೆ. ಗುಂಡಿಯನ್ನು ಕಿರುಬೆರಳಿನಿಂದ ಆರಕ್ಕೆ ಇಳಿಸಿದರೆ ಅದೇ ಆಂಪ್ಲಿಫೈಯರು ಗರ್ಜನೆಯನ್ನು ಬಿಟ್ಟು ಸೌಮ್ಯವಾಗುವುದು; ನಾಲ್ಕಕ್ಕೆ ಇಳಿಸಿದರೆ ನಾದ ಇನ್ನೂ ತಿಳಿಯಾಗುವುದು. ಎರಡನೆಯ ಗುಂಡಿಯ ಹಿಂದೆ ಒಂದು ಚಿಕ್ಕ ಕೆಪ್ಯಾಸಿಟರ್ ಇದ್ದು, ಅದು ಮೇಲಿನ ಸ್ಥಾಯಿಯ ಅಂಶಗಳನ್ನು ಬೇಕಾದಷ್ಟು ಭೂಮಿಗೆ ಹರಿಸಿಬಿಡುವುದರಿಂದ ತೀಕ್ಷ್ಣತೆ ನುಡಿಸುವವನ ಅಂಕೆಯಲ್ಲಿರುವುದು. ಈ ಎರಡು ಗುಂಡಿಗಳನ್ನೂ ಕೈಯ ಸ್ಥಾನವನ್ನೂ ಕೂಡಿಸಿ ಲೆಕ್ಕ ಹಾಕಿದರೆ ಸ್ವಿಚ್ಚುಗಳ ಸಾಲು ಕೊಡಬಲ್ಲದ್ದಕ್ಕಿಂತ ಹೆಚ್ಚು ಛಾಯೆಗಳು ದೊರೆಯುವುವು.

ಜೂನಿಯರಿನ ಅಭಿಮಾನಿಗಳು ಇಷ್ಟಕ್ಕೆ ತೃಪ್ತರಾಗುವುದಿಲ್ಲ. ದಂಡಿಯ ಬಳಿ ಎರಡನೆಯ ಪಿಕಪ್ ಇಲ್ಲದುದರಿಂದ ಅಲ್ಲಿ ತಂತಿಯನ್ನು ಎಳೆಯುವ ಅಯಸ್ಕಾಂತವೂ ಇಲ್ಲವೆಂದೂ, ಆದುದರಿಂದ ತಂತಿ ಸ್ವೇಚ್ಛೆಯಾಗಿ ಆಡಿ ಸ್ವರ ಹೆಚ್ಚು ಕಾಲ ನಿಲ್ಲುವುದೆಂದೂ ಅವರು ಹೇಳುವರು. ಅಯಸ್ಕಾಂತ ತಂತಿಯನ್ನು ಎಳೆಯುವುದು ನಿಜ. ತೀರ ಹತ್ತಿರಕ್ಕೆ ತಂದರೆ ಶ್ರುತಿಯೇ ಕದಡುವುದನ್ನು ಯಾರಾದರೂ ಕೇಳಿ ನೋಡಬಹುದು. ಆದರೆ ಹದವಾದ ದೂರದಲ್ಲಿಟ್ಟ ಪಿಕಪ್ಪಿನ ಸೆಳೆತ ಕಿವಿಗೆ ತಿಳಿಯುವಷ್ಟಿರುವುದೆಂದು ನನಗೆ ನಂಬಿಕೆಯಿಲ್ಲ. ಐವತ್ತರ ದಶಕದ ಮಹಾಗನಿಯಲ್ಲಿ ಇಂದಿನ ಮರದಲ್ಲಿಲ್ಲದ ಮಂತ್ರಶಕ್ತಿಯಿದೆ ಎಂಬ ಮಾತನ್ನಂತೂ ಮಾರುವವರ ಬಾಯಿಂದ ಕೇಳಿದಾಗ ಸ್ವಲ್ಪ ಉಪ್ಪುಖಾರ ಬೆರೆತಿರುವುದೆಂದೇ ತಿಳಿಯತಕ್ಕದ್ದು.

ಕಂಪನಿ ಹುಡುಗರಿಗೆಂದು ಮಾಡಿದ ಈ ವಾದ್ಯವೇ ಲೆಸ್ ಪಾಲ್ ವರ್ಗದಲ್ಲಿ ಆ ಕಾಲದಲ್ಲಿ ಹೆಚ್ಚು ಮಾರಾಟವಾಯಿತು. ಹಾಗೆ ಹೆಚ್ಚು ಮಾರಾಟವಾದುದರಿಂದಲೇ ಹತ್ತು ಹದಿನೈದು ವರ್ಷಗಳ ತರುವಾಯ ಗಿರವಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿ, ಹಣವಿಲ್ಲದ ಯುವಕರ ಕೈಗೆ ಬಂದಿತು. ‘ಮೌಂಟನ್’ ತಂಡದ ಲೆಸ್ಲಿ ವೆಸ್ಟ್ 1970ರ ‘ಮಿಸಿಸಿಪಿ ಕ್ವೀನ್’ ಹಾಡಿನಲ್ಲಿ ಹೊರಡಿಸಿದ ಆ ಭಾರವಾದ ನಾದ ಈ ಒಂದು ಪಿಕಪ್ಪಿನದು. ನ್ಯೂಯಾರ್ಕಿನ ಜಾನಿ ಥಂಡರ್ಸ್ ಎಪ್ಪತ್ತರ ದಶಕದಲ್ಲಿ ಇದನ್ನು ಹಿಡಿದ ಮೇಲೆ ಪಂಕ್ ಸಂಗೀತದವರಿಗೆ ಇದು ಲಾಂಛನವೇ ಆಯಿತು. ‘ಗ್ರೀನ್ ಡೇ’ ತಂಡದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಇಂದಿಗೂ 1956ರ ಜೂನಿಯರೊಂದನ್ನು ಪ್ರೀತಿಯಿಂದ ಇಟ್ಟುಕೊಂಡಿರುವರು.

ಗಿಬ್ಸನ್ ಏನೇ ಕಳೆದರೂ ಒಳ್ಳೆಯ ಮರವನ್ನು ಕಳೆಯಲಿಲ್ಲ. ಮರವನ್ನೂ ಕಳೆದವನು ನೇಥನ್ ಡೇನಿಯಲ್, ಮತ್ತು ಈ ಇಡೀ ಕಥೆಯಲ್ಲಿ ನನ್ನ ಮೆಚ್ಚಿಗೆಗೆ ಮೊದಲ ಪಾತ್ರನು ಆತನೇ. ಮೂವತ್ತರ ದಶಕದಲ್ಲಿ ಎಪಿಫೋನ್ ಕಂಪನಿಗೆ ಆಂಪ್ಲಿಫೈಯರು ಮಾಡಿಕೊಡುತ್ತಿದ್ದ ಈ ತಂತ್ರಜ್ಞ ಯುದ್ಧಾನಂತರ ‘ಡೇನ್‌ಎಲೆಕ್ಟ್ರೊ’ ಎಂಬ ಸ್ವಂತ ಕಂಪನಿಯನ್ನು ನ್ಯೂಜರ್ಸಿಯಲ್ಲಿ ಸ್ಥಾಪಿಸಿ, 1954ರಿಂದ ಗಿಟಾರು ಮಾಡತೊಡಗಿದನು. ಆತನ ದೊಡ್ಡ ಗಿರಾಕಿ ಷಿಕಾಗೋದ ಸಿಯರ್ಸ್ ರೋಬಕ್. ಬಟ್ಟೆಬರೆಯಿಂದ ನೇಗಿಲಿನವರೆಗೆ ಎಲ್ಲವನ್ನೂ ಅಂಚೆಯ ಮೂಲಕ ಹಳ್ಳಿಹಳ್ಳಿಗೆ ಮಾರುತ್ತಿದ್ದ ಆ ಸಂಸ್ಥೆ ಆತನ ಗಿಟಾರುಗಳಿಗೆ ‘ಸಿಲ್ವರ್‌ಟೋನ್’ ಎಂದು ತನ್ನ ಹೆಸರಿಟ್ಟು ಮಾರಿತು. ಡೇನಿಯಲ್ ಮಾಡಿದ್ದೇನೆಂದರೆ, ಅಗ್ಗದ ಮರದ ಒಂದು ಚೌಕಟ್ಟನ್ನು ಕಟ್ಟಿ, ಅದರ ಮೇಲೂ ಕೆಳಗೂ ‘ಮೇಸೊನೈಟ್’ ಹಾಳೆಯನ್ನು ಅಂಟಿಸಿದನು. ಮರದ ಚೆಕ್ಕೆಗಳನ್ನು ಹಬೆಯ ಒತ್ತಡದಲ್ಲಿ ಸಿಡಿಸಿ ನಾರಾಗಿಸಿ, ಆ ನಾರನ್ನು ಬಿಸಿಯಲ್ಲಿ ಒತ್ತಿ ಮಾಡುವ ಈ ಹಲಗೆಯನ್ನು ವಿಲಿಯಮ್ ಮೇಸನ್ ಎಂಬಾತ 1924ರಲ್ಲಿ ಕಂಡುಹಿಡಿದಿದ್ದನು. ನಮ್ಮಲ್ಲಿ ಇಂಥದನ್ನು ಹಾರ್ಡ್‌ಬೋರ್ಡ್ ಎಂದು ಕೊಳ್ಳುತ್ತೇವೆ, ಬೀರುವಿನ ಹಿಂಬದಿಗೆ ಬಡಿಯುತ್ತೇವೆ. ಎರಡು ಹಾಳೆಗಳ ಕೂಡಿಕೆ ಕಾಣದಂತೆ ಸುತ್ತಲೂ ಒಂದು ವಿನೈಲ್ ಪಟ್ಟಿಯನ್ನು ಅಂಟಿಸಿದನು. ದಂಡಿಯ ಒಳಗೆ ಬಾಗದಂತೆ ಉಕ್ಕಿನ ಸಲಾಕೆಗಳನ್ನು ಹುದುಗಿಸಿದನು. ಕುದುರೆಯಾದರೋ ಬೀಟೆಮರದ ಒಂದು ತುಂಡು.

ಪಿಕಪ್ಪಿನ ವಿಷಯ ಇನ್ನೂ ಸ್ವಾರಸ್ಯವಾದುದು. ಪಟ್ಟಿ ಅಯಸ್ಕಾಂತಕ್ಕೆ ತಾಮ್ರದ ತಂತಿಯನ್ನು ಸುತ್ತಿದ ಮೇಲೆ ಅದಕ್ಕೊಂದು ಲೋಹದ ಕವಚ ಬೇಕಾಯಿತು. ಅಚ್ಚು ಮಾಡಿಸಿ ಕವಚ ತಯಾರಿಸುವುದು ವೆಚ್ಚದ ಮಾತು. ಡೇನಿಯಲ್ ಲಿಪ್‌ಸ್ಟಿಕ್ಕಿನ ಕೊಳವೆಗಳನ್ನು ಕೊಂಡುತಂದು, ಸುರುಳಿಯನ್ನು ಅವುಗಳಲ್ಲಿ ಸೇರಿಸಿಬಿಟ್ಟನು. ಥಳಥಳಿಸುವ ಆ ದುಂಡು ಕೊಳವೆ ಗಿಟಾರಿಗೆ ಆಭರಣವಾಯಿತು. ಹೊರಗಣ ವಿದ್ಯುತ್ತಿನ ಗದ್ದಲವನ್ನು ತಕ್ಕಮಟ್ಟಿಗೆ ತಡೆಯಿತು. ಸುತ್ತುಗಳು ಕಡಮೆಯಾದುದರಿಂದ ನಾದ ತಿಳಿಸಾರಿನ ಹಾಗೆ ತೆಳುವಾಗಿ ರುಚಿಯಾಗಿ ಬಂದಿತು. ಮಾತ್ರವಲ್ಲ, ಎರಡು ಪಿಕಪ್ಪುಗಳಿರುವ ಗಿಟಾರುಗಳಲ್ಲಿ ಎರಡನ್ನೂ ಒಟ್ಟಿಗೆ ಬಳಸುವಾಗ, ಬೇರೆ ಕಂಪನಿಗಳು ಅವನ್ನು ಸಮಾಂತರವಾಗಿ ಜೋಡಿಸುತ್ತಿದ್ದರೆ, ಡೇನಿಯಲ್ ಒಂದರ ಹಿಂದೊಂದಾಗಿ ಸರಣಿಯಲ್ಲಿ ಜೋಡಿಸಿದನು. ಎರಡರ ಬಲವೂ ಕೂಡಿ, ತೆಳುವಾದ ನಾದವು ಒಮ್ಮೆಗೇ ಮೈತುಂಬಿ ಏಳುವುದು. ಖರ್ಚಿಲ್ಲದೆ ಎರಡು ತಂತಿಯ ಬೆಸುಗೆಯನ್ನು ಬದಲಾಯಿಸಿ ಪಡೆದ ಲಾಭವಿದು. ‘ಲೆಡ್ ಜೆಪ್ಲಿನ್’ ತಂಡದ ಜಿಮ್ಮಿ ಪೇಜ್, ಬೇಕೆಂದ ಗಿಟಾರನ್ನು ಕೊಳ್ಳಬಲ್ಲವನಾಗಿದ್ದೂ, ‘ಕಾಶ್ಮೀರ್’ ಎಂಬ ಕೃತಿಯನ್ನು ವೇದಿಕೆಯಲ್ಲಿ ನುಡಿಸಲು ಈ ಹಾರ್ಡ್‌ಬೋರ್ಡಿನ ಗಿಟಾರನ್ನೇ ತೆಗೆದುಕೊಳ್ಳುತ್ತಿದ್ದನು.

1962ರಲ್ಲಿ ಸಿಯರ್ಸ್ ಮಾರಿದ ‘1448’ ಎಂಬ ನಮೂನೆ ಈ ಮಿತವ್ಯಯದ ಪರಾಕಾಷ್ಠೆ. ಗಿಟಾರನ್ನು ಇಡುವ ಪೆಟ್ಟಿಗೆಯಲ್ಲಿಯೇ ಒಂದು ಚಿಕ್ಕ ವಾಲ್ವಿನ ಆಂಪ್ಲಿಫೈಯರು, ಒಂದು ಪುಟ್ಟ ಸ್ಪೀಕರು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಂತಿ ಸಿಕ್ಕಿಸಿದರೆ ಕಛೇರಿಗೆ ಸಿದ್ಧ. ಗಿಟಾರಿಗೆ ಪಿಕಪ್ ಒಂದು, ಮೆಟ್ಟಿಲು ಹದಿನೆಂಟು. ಎಲ್ಲ ಸೇರಿ ಬೆಲೆ 67 ಡಾಲರು 95 ಸೆಂಟು. ಅಮೆರಿಕದ ಒಂದು ಪೀಳಿಗೆಯ ಹುಡುಗರು ಅಂಚೆಯಲ್ಲಿ ಬಂದ ಈ ಪೆಟ್ಟಿಗೆಯನ್ನು ತೆರೆದು ವಿದ್ಯುತ್ ಗಿಟಾರಿಗೆ ಓಂಕಾರ ಹಾಕಿದರು.

ಇದೇ ಡೇನ್‌ಎಲೆಕ್ಟ್ರೊ ಕಾರ್ಖಾನೆ 1967ರಲ್ಲಿ ನಮಗೆ ಹತ್ತಿರವಾದ ಒಂದು ಕೆಲಸಕ್ಕೂ ಕೈಹಾಕಿತು. ರವಿಶಂಕರರ ಪ್ರಭಾವದಿಂದಲೂ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನ ಉತ್ಸಾಹದಿಂದಲೂ ಸಿತಾರಿನ ನಾದಕ್ಕೆ ಪಶ್ಚಿಮದಲ್ಲಿ ಬೇಡಿಕೆ ಹುಟ್ಟಿತ್ತು. ಸಿತಾರನ್ನು ಕಲಿಯುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ವಿನ್ಸೆಂಟ್ ಬೆಲ್ ಎಂಬ ಗಿಟಾರ್ ವಾದಕನ ಸಹಾಯದಿಂದ ‘ಕೋರಲ್’ ಎಂಬ ಹೆಸರಿನಲ್ಲಿ ಹೊರಬಂದ ವಿದ್ಯುತ್ ಸಿತಾರು ಅದಕ್ಕೆ ಪರಿಹಾರವಾಯಿತು. ಹದಿಮೂರು ಅನುರಣನದ ತಂತಿಗಳು, ಅದೇ ಲಿಪ್‌ಸ್ಟಿಕ್ ಕೊಳವೆಯ ಪಿಕಪ್ಪುಗಳು, ಮತ್ತು ತಂತಿ ತಾಗಿತಾಗಿ ಝೇಂಕರಿಸುವಂತೆ ಚಪ್ಪಟೆಯಾಗಿ ರೂಪಿಸಿದ ಕುದುರೆ. ನಮ್ಮ ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ನೂಲಿನೆಳೆಯನ್ನು ಸೇರಿಸಿ ನಾದವನ್ನು ಅರಳಿಸುವುದರ ಹಿಂದಿರುವ ತತ್ತ್ವವೇ ಇಲ್ಲಿಯದು. ಹದ ಮಾತ್ರ ನಮ್ಮದಲ್ಲ. ಸಿತಾರೆಂದು ಕೇಳಿದರೆ ನಗು ಬರುವುದು, ಬೇರೊಂದು ವಾದ್ಯವೆಂದು ಕೇಳಿದರೆ ಇಂಪಾಗಿಯೇ ಇದೆ. ಡೇನಿಯಲ್ ಅಷ್ಟರಲ್ಲಿ ಕಂಪನಿಯನ್ನು ಎಂಸಿಎ ಎಂಬ ದೊಡ್ಡ ಸಂಸ್ಥೆಗೆ ಮಾರಿಯಾಗಿತ್ತು. 1969ರಲ್ಲಿ ಕಾರ್ಖಾನೆ ಮುಚ್ಚಿತು.

ಇನ್ನುಳಿದವರ ಮಾತನ್ನು ಚುಟುಕಾಗಿ ಹೇಳಬಹುದು. ಕ್ಯಾಲಿಫೋರ್ನಿಯದ ಫೆಂಡರ್ ಕಂಪನಿ 1956ರಲ್ಲಿ ‘ಮ್ಯೂಸಿಕ್‌ಮಾಸ್ಟರ್’ ಎಂಬ ಒಂಟಿ ಪಿಕಪ್ಪಿನ ಗಿಟಾರನ್ನು, ಚಿಕ್ಕ ಕೈಗಳಿಗೆ ಎಟುಕುವಂತೆ ತಂತಿಯ ಉದ್ದವನ್ನು ಇಪ್ಪತ್ತೈದೂವರೆ ಅಂಗುಲದಿಂದ ಇಪ್ಪತ್ತೆರಡೂವರೆಗೆ ಇಳಿಸಿ ಮಾಡಿತು. ಉದ್ದ ಕಡಮೆಯಾದಾಗ ಅದೇ ಶ್ರುತಿಗೆ ತಂತಿಯ ಬಿಗಿ ಕಡಮೆ ಸಾಕಾಗುವುದರಿಂದ, ತಂತಿಯನ್ನು ಎಳೆದು ಸ್ವರವನ್ನು ಜಾರಿಸುವವರಿಗೆ ಇದು ಬಹು ಹಿತವಾದ ವಾದ್ಯ. ಗಿಬ್ಸನ್ 1959ರಲ್ಲಿ ಜೂನಿಯರಿಗಿಂತಲೂ ತೆಳುವಾದ ‘ಮೆಲೊಡಿ ಮೇಕರ್’ ಗಿಟಾರನ್ನು ತಂದಿತು. ಅದರ ಮುಂಬದಿಯ ಪ್ಲಾಸ್ಟಿಕ್ ಹಲಗೆಯ ತಿರುಪುಗಳನ್ನು ಬಿಚ್ಚಿ ಎತ್ತಿದರೆ ಪಿಕಪ್ಪು, ಗುಂಡಿ, ತಂತಿಗಳೆಲ್ಲ ಅದರೊಂದಿಗೆ ಒಂದೇ ತುಂಡಾಗಿ ಮೇಲೆದ್ದು ಬರುವುವು. ಮೇಜಿನ ಮೇಲೆ ಎಲ್ಲವನ್ನೂ ಬೆಸೆದು ಸಿದ್ಧಪಡಿಸಿ ಮರದ ಗುಳಿಯಲ್ಲಿ ಇಳಿಸಿಬಿಡುವ ಈ ಉಪಾಯ ದುರಸ್ತಿಯವನಿಗೂ ಒಂದು ವರದಾನ. ಇವುಗಳಿಗೆ ಸಂದ ಗೌರವ ಕಡಮೆ. ಷಿಕಾಗೋದ ಹೌಂಡ್ ಡಾಗ್ ಟೇಲರ್ ಎಂಬ ಬ್ಲೂಸ್ ವಾದಕನಂತೂ ಇನ್ನೂ ಕೆಳಗಣ ಮೆಟ್ಟಿಲಿನ, ಜಪಾನಿನಿಂದ ಬಂದ ಅಗ್ಗದ ಗಿಟಾರಿನಲ್ಲಿ ಎಂಥ ಕುಣಿಸುವ ಸಂಗೀತವನ್ನು ನುಡಿಸುತ್ತಿದ್ದನೆಂದರೆ, ಅದನ್ನು ಧ್ವನಿಮುದ್ರಿಸುವುದಕ್ಕೆಂದೇ ಬ್ರೂಸ್ ಇಗ್ಲಾರ್ ಎಂಬ ಯುವಕ 1971ರಲ್ಲಿ ‘ಅಲಿಗೇಟರ್ ರೆಕಾರ್ಡ್ಸ್’ ಕಂಪನಿಯನ್ನು ಆರಂಭಿಸಿದನು.

ಜೂನಿಯರು ಈಗ ಅಗ್ಗದ ವಾದ್ಯವಾಗಿ ಉಳಿದಿಲ್ಲ; ಸಂಗ್ರಾಹಕರ ಕಣ್ಣು ಅದರ ಮೇಲೆ ಬಿದ್ದು ಬಹಳ ಕಾಲವಾಯಿತು. ಮೆಲೊಡಿ ಮೇಕರ್, ಮ್ಯೂಸಿಕ್‌ಮಾಸ್ಟರ್, ಸಿಲ್ವರ್‌ಟೋನುಗಳ ಕಡೆಗೆ ಆ ಕಣ್ಣು ಇನ್ನೂ ಪೂರ್ತಿಯಾಗಿ ತಿರುಗಿಲ್ಲ. ಹಳೆಯದನ್ನು ಕೊಳ್ಳುವವರು ಮಾರುವವನ ಮಾತಿಗಿಂತ ಗುಂಡಿಯ ಕೆಳಗಿರುವ ‘ಪಾಟ್’ ಎಂಬ ಬಿಡಿಭಾಗದ ಬೆನ್ನನ್ನು ಹೆಚ್ಚು ನಂಬಬೇಕು. ಅಮೆರಿಕದ ತಯಾರಕರು ಅದರ ಲೋಹದ ಮೇಲೆ ಅಂಕೆಗಳನ್ನು ಒತ್ತುತ್ತಿದ್ದರು: 1376620 ಎಂದಿದ್ದರೆ ಮೊದಲ ಮೂರು ಅಂಕೆ ಸಿಟಿಎಸ್ ಕಂಪನಿಯ ಗುರುತು, ಮುಂದಿನ ಎರಡು 1966ನೆಯ ವರ್ಷ, ಕೊನೆಯ ಎರಡು ಆ ವರ್ಷದ ಇಪ್ಪತ್ತನೆಯ ವಾರ. ಗಿಟಾರು ಅದಕ್ಕಿಂತ ಹಿಂದಿನದೆಂದು ಹೇಳುವವನು ಒಂದೋ ಪಾಟನ್ನು ಬದಲಾಯಿಸಿರುವನು, ಇಲ್ಲವೆ ಸುಳ್ಳು ಹೇಳುತ್ತಿರುವನು.

ನುಡಿಸುವುದೇ ಉದ್ದೇಶವಾಗಿದ್ದವರು, ಹಿಂದಿನ ಯಜಮಾನರು ಮರವನ್ನು ಕೊರೆದು ದೊಡ್ಡ ಪಿಕಪ್ಪನ್ನು ತುರುಕಿದ, ಬಣ್ಣವನ್ನು ಕೆರೆದು ಬೇರೆ ಬಣ್ಣ ಬಳಿದ ಮೆಲೊಡಿ ಮೇಕರುಗಳನ್ನು ಹುಡುಕುವುದು ಲೇಸು. ಎಪ್ಪತ್ತರ ದಶಕದಲ್ಲಿ ಈ ಅನಾಹುತ ಬಹಳ ನಡೆದುದರಿಂದ ಅಂಥವು ಸಾಕಷ್ಟಿವೆ, ಸಂಗ್ರಾಹಕರು ಅವನ್ನು ಮೂಸುವುದಿಲ್ಲ. ದಂಡಿ ನೆಟ್ಟಗಿದೆಯೇ, ಬಿರಡೆಗಳು ತಿರುಗಿ ನಿಲ್ಲುತ್ತವೆಯೇ, ಮೆಟ್ಟಿಲುಗಳಲ್ಲಿ ಇನ್ನೂ ಲೋಹ ಉಳಿದಿದೆಯೇ ಎಂಬ ಮೂರನ್ನು ನೋಡಿಕೊಂಡರೆ ಸಾಕು. ಮಿಕ್ಕದ್ದನ್ನೆಲ್ಲ ಬೆಸುಗೆ ಬಲ್ಲ ಯಾವ ರೇಡಿಯೋ ರಿಪೇರಿಯವನಾದರೂ ಒಂದು ಮಧ್ಯಾಹ್ನದಲ್ಲಿ ಸರಿಮಾಡಿಕೊಟ್ಟಾನು.